ಗೋಡೆಗೆ ಮುಖ ಮಾಡಿದ ಚಪ್ಪಲಿ

ಉಸ್ತಾದರ ಬಲಗಾಲು ಎಡಗಾಲಿಗಿಂತ ಒಂದಿಷ್ಟು ಗಿಡ್ಡ. ಅದಕ್ಕೆಂದೇ ಬಲ ಚಪ್ಪಲಿಯ ಅಡಿಗೆ ಟೈರಿನ ತುಂಡೊಂದನ್ನು ಹೊಡೆಸಿಕೊಂಡಿದ್ದರು. ಕೌಲ್ ಬಜಾರಿನ ಗಲ್ಲಿಯಲ್ಲಿ ಅವರು ಬರುತ್ತಿದ್ದರೆ ಒಂದು ಹೆಜ್ಜೆ ಮೆತ್ತಗೆ, ಒಂದು ಹೆಜ್ಜೆ ದಪ್ಪಗೆ ಕೇಳುತ್ತಿತ್ತು. ಆ ಸದ್ದಿಗೇ ಅವರ ಬಳಿ ಕುರಾನು ಕಲಿಯುತ್ತಿದ್ದ ಮದರಸಾದ ಹುಡುಗರೆಲ್ಲ ಎದ್ದು ನಿಲ್ಲುತ್ತಿದ್ದರು. ನಾನು ಒಳಗೆ ಕಾಲಿಟ್ಟರೆ ಎಲ್ಲೋ ಇಟ್ಟ ಪುಸ್ತಕ ಹುಡುಕುತ್ತಿದ್ದರು.

ಕುರುಗೋಡಿನಿಂದ ದಿನಾ ಬಸ್ಸಿನಲ್ಲಿ ಬಂದು ಆ ಹುಡುಗರಿಗೆ ಕನ್ನಡ, ಗಣಿತ ಕಲಿಸುವುದು ನನ್ನ ಕೆಲಸ. ಕುರಾನು ಬಾಯಿಪಾಠ ಮಾಡಿದ್ದ, ಶಾಲೆಯ ಮುಖವನ್ನು ಸರಿಯಾಗಿ ನೋಡಿರದ ಹನ್ನೊಂದು ಹುಡುಗರನ್ನು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಿಸಬೇಕಿತ್ತು. ಉಸ್ತಾದರೇ ಸಿರುಗುಪ್ಪ ಕಡೆಯ ಹಳ್ಳಿಗಳಿಗೆ ಕುಂಟುತ್ತಾ ಹೋಗಿ, ಹಿಂಜರಿದ ತಂದೆತಾಯಿಯರನ್ನು ಒಪ್ಪಿಸಿದ್ದರು. ಅವರಿಲ್ಲದಿದ್ದರೆ ನನಗೆ ತರಗತಿಯೇ ಇರುತ್ತಿರಲಿಲ್ಲ. ಇದೆಲ್ಲ ಗೊತ್ತಿದ್ದೂ ಅವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು.

ಉರಿಗೆ ಮೊದಲ ಕಾರಣ ಚಪ್ಪಲಿ. ಬಾಗಿಲ ಪಕ್ಕ ಬಿಟ್ಟ ಚಪ್ಪಲಿ ಗೋಡೆಗೆ ಮುಖ ಮಾಡಿರುತ್ತದಲ್ಲ, ಗುರುಗಳು ಹೊರಡುವಾಗ ಸಲೀಸಾಗಿ ಮೆಟ್ಟಿಕೊಳ್ಳಲೆಂದು ಹುಡುಗನೊಬ್ಬ ಅದನ್ನು ಹೊರಮುಖವಾಗಿ ತಿರುಗಿಸಿಡುವುದು ಅಲ್ಲಿನ ರೂಢಿ. ಉಸ್ತಾದರ ಚಪ್ಪಲಿ ತಿರುಗಿಸಲು ನಾಲ್ಕು ಜನ ಪೈಪೋಟಿಗೆ ಬೀಳುತ್ತಿದ್ದರು. ಪಕ್ಕದಲ್ಲೇ ಇದ್ದ ನನ್ನವು ನಾನು ಬಿಟ್ಟಂತೆಯೇ ಬಿದ್ದಿರುತ್ತಿದ್ದವು.

ಹುಡುಗರು ಹಿಂದಕ್ಕೂ ಮುಂದಕ್ಕೂ ತೂಗುತ್ತಾ ಓದುತ್ತಿದ್ದರು. ಮಗ್ಗಿ ಹೇಳುವಾಗಲೂ ಅದೇ ತೂಗಾಟ. ಒಮ್ಮೆ ರೇಗಿ, ಎಲ್ಲರ ಬೆನ್ನಿಗೂ ಹಲಗೆ ಕಟ್ಟುತ್ತೇನೆಂದು ಗದರಿದೆ. ಅಂದು ಒಬ್ಬನಿಗೂ ಹದಿಮೂರರ ಮಗ್ಗಿ ಬರಲಿಲ್ಲ. ಪಕ್ಕದ ಕೋಣೆಯಿಂದ ಉಸ್ತಾದರು ಬಂದು ಮೆಲ್ಲಗೆ ಹೇಳಿದರು: "ಮೈ ಅಲ್ಲಾಡಿದ್ರ ಅಲ್ಲಾಡ್ಲಿ ಬಿಡ್ರಿ ಸರ್. ಮಗ್ಗಿ ನಿಂತ್ರ ಸಾಕಲ್ಲ." ಬಿಟ್ಟೆ. ಮಗ್ಗಿ ನಿಂತಿತು. ಅವರ ಮಾತೇ ನಡೆಯಿತಲ್ಲ ಎಂದು ಅದಕ್ಕೂ ಉರಿದುಕೊಂಡೆ.

ನಾನೇ ಇಟ್ಟ ಪರೀಕ್ಷೆಯೊಂದರಲ್ಲಿ ಸಿರುಗುಪ್ಪದ ಹುಡುಗನೊಬ್ಬ ಗಣಿತದಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ತೆಗೆದ. ಉತ್ತರಪತ್ರಿಕೆ ಕೈಗೆ ಬಂದದ್ದೇ ತಡ, ನನ್ನ ಮುಖವನ್ನೂ ನೋಡದೆ ಉಸ್ತಾದರ ಕೋಣೆಗೆ ಓಡಿದ. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. "ಕಲಿಸಿದವ್ರು ಅಲ್ಲಿ ಕುಂತಾರ, ನನ್ಹತ್ರ ಯಾಕ ಬಂದಿ? ಮೊದ್ಲು ಅವ್ರಿಗೆ ಸಲಾಂ ಹೇಳಿ ಬಾ" ಎಂದು ವಾಪಸ್ ಕಳಿಸಿದರು. ಹುಡುಗ ಬಂದು ಸಲಾಂ ಹೇಳಿದ. ಹೇಳಿಸಿಕೊಂಡು ಬಂದ ಗೌರವ ಯಾರಿಗೆ ಬೇಕು?

ಆ ಸಂಜೆ ಬಾಗಿಲ ಬಳಿ ಯಾರೂ ಇರಲಿಲ್ಲ. ಹೊರಮುಖವಾಗಿದ್ದ ಉಸ್ತಾದರ ಚಪ್ಪಲಿಯನ್ನು ಕಾಲಿಂದ ತಳ್ಳಿ ಗೋಡೆಯತ್ತ ತಿರುಗಿಸಿದೆ. ತಲೆ ಎತ್ತಿದರೆ ಹೊಸ್ತಿಲೊಳಗೆ ಅವರೇ ನಿಂತಿದ್ದರು. "ಬಸ್ ತಪ್ಪತೈತಿ, ಹೊಂಡ್ರಿ ಸರ್" ಎಂದರು, ಅಷ್ಟೆ.

ಮರುದಿನದಿಂದ ನನ್ನ ಚಪ್ಪಲಿಯೂ ಹೊರಮುಖವಾಗಿ ತಿರುಗಿರತೊಡಗಿತು. ಕೊನೆಗೂ ಹುಡುಗರು ನನ್ನನ್ನು ಗುರುವೆಂದು ಒಪ್ಪಿದರು ಎಂದು ಹಿಗ್ಗಿದೆ. ಹೆಂಡತಿಗೆ ನಾಲ್ಕು ಸಲ ಹೇಳಿದೆ. ಆ ಹಿಗ್ಗಿನಲ್ಲೇ ಭಾನುವಾರವೂ ಬಂದು ಪಾಠ ಮಾಡಿದೆ. ಹನ್ನೊಂದು ಹುಡುಗರೂ ಕಂಟೋನ್ಮೆಂಟಿನ ಪರೀಕ್ಷಾ ಕೇಂದ್ರದಲ್ಲಿ ತೂಗುತ್ತಲೇ ಬರೆದು ಪಾಸಾದರು. ಒಂಬತ್ತು ಜನ ಕಾಲೇಜು ಸೇರಿದರು.

ಅದೇ ವರ್ಷ ಉಸ್ತಾದರು ತೀರಿಕೊಂಡರು. ಅವರ ಊರಾದ ಸಿರುಗುಪ್ಪದಲ್ಲಿ ಮಣ್ಣು ಮಾಡಿ ಬಂದ ನಾಲ್ಕನೆಯ ದಿನ ಹೊಸ ಹುಡುಗರಿಗೆ ಪಾಠ ಶುರು ಮಾಡಿದೆ. ಸಂಜೆ ಹೊರಗೆ ಬಂದರೆ ನನ್ನ ಚಪ್ಪಲಿ ಗೋಡೆಗೆ ಮುಖ ಮಾಡಿತ್ತು. ಗಣಿತದ ಆ ಹುಡುಗ ಹೊಸಬರಿಗೆ ಹೇಳಿಕೊಡಲು ಬಂದಿದ್ದ. ಇವತ್ತು ತಿರುಗಿಸಲು ಮರೆತಿರೇನಪ್ಪ ಎಂದು ತಮಾಷೆಗೆಂಬಂತೆ ಕೇಳಿದೆ.

"ನಿಮ್ಮವು ನಾವು ತಿರುಗಸ್ತಿದ್ದಿಲ್ರಿ ಸರ್. ಉಸ್ತಾದ್ರೇ ತಿರುಗಸ್ತಿದ್ರು. ನಾವು ಮುಟ್ಟಾಕ ಹೋದ್ರ, 'ನನ್ ಮಕ್ಕಳಿಗೆ ಕಲಿಸಾಕತ್ಯಾರ, ಇದು ನನ್ ಕೆಲ್ಸ' ಅಂತಿದ್ರು."

ಗಿಡ್ಡಗಾಲಿನ ಆ ಮನುಷ್ಯ ಗೋಡೆ ಹಿಡಿದುಕೊಂಡೇ ಬಗ್ಗಬೇಕಿತ್ತು. ಹುಡುಗ ಈಗ ತಿರುಗಿಸಲು ಬಗ್ಗಿದ. ಬೇಡವೆಂದು ತಡೆದು, ಗೋಡೆಯ ಕಡೆ ಮುಖ ಮಾಡಿಯೇ ಮೆಟ್ಟಿಕೊಂಡೆ. ಉಸ್ತಾದರ ಮೇಲಿನ ಹೊಟ್ಟೆಕಿಚ್ಚು ಇವತ್ತಿಗೂ ಆರಿಲ್ಲ. ತಮ್ಮ ಚಪ್ಪಲಿಯನ್ನು ಕಾಲಿಂದ ತಿರುಗಿಸಿದವನ ಚಪ್ಪಲಿಯನ್ನು ಅವರು ದಿನಾ ಕೈಯಿಂದ ತಿರುಗಿಸಿಟ್ಟಿದ್ದರು.