ನಿಂತು ನಿಂತು ಹೋದ ಕಲ್ಲಿನ ಲಾರಿ

ನಾನು ಚಿಕ್ಕವನಿದ್ದಾಗ ಶಹಾಬಾದಿನಲ್ಲಿ ಮರದ ಎಲೆಗಳೂ ಬೆಳ್ಳಗಿರುತ್ತಿದ್ದವು. ಊರ ಸುತ್ತ ಕಲ್ಲಿನ ಗಣಿಗಳು. ಬೆಳಗಾದರೆ ಉಳಿ ಸುತ್ತಿಗೆಯ ಟಣ್ ಟಣ್ ಸದ್ದು, ಸಂಜೆಯಾದರೆ ಅಂಗಳದ ತುಂಬ ಹಿಟ್ಟಿನಂಥ ಕಲ್ಲಿನ ಧೂಳು. ಅದು ನಿಜಾಮರ ಕಾಲ. ನಮ್ಮ ಅಪ್ಪ ಒಬ್ಬ ಸಾವ್ಕಾರರ ಹಳೆಯ ಲಾರಿಯಲ್ಲಿ ಫರ್ಸಿ ಕಲ್ಲು, ಅಂದರೆ ನೆಲಕ್ಕೆ ಹಾಸುವ ಚಪ್ಪಡಿ ಹೇರಿಕೊಂಡು ವಾಡಿ, ಚಿತ್ತಾಪುರ, ಸೇಡಂ ಎಂದು ಊರೂರು ತಿರುಗುತ್ತಿದ್ದ. ನಾನು ನಾಲ್ಕನೇ ಜಮಾತಿಗೇ ಶಾಲೆ ಬಿಟ್ಟವನು. ಚೆಂದ ಮಾಡಿ ಬರೆಯಲು ಬರುವುದಿಲ್ಲ. ಆ ಲಾರಿಯ ಕಥೆಯನ್ನು ನಿಮಗೆ ಎಷ್ಟೋ ಸಲ ಹೇಳಿದ್ದೇನೆ, ಮಕ್ಕಳೇ. ಆದರೆ ಪ್ರತಿ ಸಲವೂ ಸುಳ್ಳು ಹೇಳಿದ್ದೆ. ಈ ಸಲ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಲಾರಿಯ ಪೆಟ್ರೋಲ್ ಟಾಕಿ ಡ್ರೈವರನ ಸೀಟಿನ ಕೆಳಗಿತ್ತು. ಅದರ ಬಾಯಿ ಮಾತ್ರ ಹೊರಗೆ, ಬಾಗಿಲ ಕೆಳಗೆ. ಬಾಯಿಗೆ ಅಂಗೈಯಗಲದ ಹಿತ್ತಾಳೆ ಮುಚ್ಚಳ. ಮುಚ್ಚಳದ ನಡುವೆ ಸೂಜಿ ಹೋಗುವಷ್ಟು ಸಣ್ಣ ತೂತು. ಆ ತೂತು ಯಾಕಿದೆ ಎಂದು ನಾನು ಯಾರನ್ನೂ ಕೇಳಿರಲಿಲ್ಲ.

ದಸರೆಯ ಖಂಡೇಪೂಜೆಯ ದಿನ ಲಾರಿಗೂ ಪೂಜೆ. ಅಕ್ಕ ಅದನ್ನು ತೊಳೆದು ಚೆಂಡುಹೂವಿನ ಮಾಲೆ ಕಟ್ಟಿದಳು. ವಿಭೂತಿ ಹಚ್ಚುವ ಕೆಲಸವನ್ನು ನಾನು ಅವಳನ್ನು ಕಾಡಿ ಬೇಡಿ ಪಡೆದೆ. ನಮ್ಮ ಮನೆಯಲ್ಲಿ ಎಲ್ಲರೂ ಹಣೆ ತುಂಬ ವಿಭೂತಿ ಹಚ್ಚುತ್ತಿದ್ದರು. ಲಾರಿಗೇಕೆ ಕಡಿಮೆ ಎಂದುಕೊಂಡು ನಾನು ಗಟ್ಟಿಯಾಗಿ ಕಲಸಿ, ಮೂತಿಗೆ, ದೀಪಗಳಿಗೆ, ಬಾಗಿಲಿಗೆ ಮೂರು ಮೂರು ಬೆರಳು ಎಳೆದೆ. ಕೈಯಲ್ಲಿ ಉಳಿದದ್ದನ್ನೆಲ್ಲ ಆ ಹಿತ್ತಾಳೆ ಮುಚ್ಚಳಕ್ಕೆ ಹೆಬ್ಬೆರಳಿನಿಂದ ಒತ್ತಿ ಮೆತ್ತಿದೆ. ಮೆತ್ತಿದವನು ನಾನೆಂದು ಅಕ್ಕನೊಬ್ಬಳಿಗೇ ಗೊತ್ತಿತ್ತು. ಅಪ್ಪನಿಗೆ ಬಹಳ ಹಿಡಿಸಿತು. ಮರುದಿನದಿಂದ ಅವನು ಲಾರಿ ಹತ್ತುವ ಮೊದಲು ಮುಚ್ಚಳವನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದ. ಪೆಟ್ರೋಲ್ ಹಾಕುವಾಗಲೂ ವಿಭೂತಿ ಅಳಿಯದಂತೆ ಅಂಚು ಹಿಡಿದು ತಿರುಗಿಸುತ್ತಿದ್ದ. ಮಳೆ ಹೋಗಿತ್ತು. ಅದರ ಮೇಲೆ ಕಲ್ಲಿನ ಧೂಳು ಕೂತು ಕೂತು ಗಾರೆಯ ಹಾಗಾಯಿತು.

ಆಮೇಲೆ ಶುರುವಾಯಿತು ನೋಡಿ. ಲಾರಿ ಚೆನ್ನಾಗಿ ಓಡುತ್ತ ಓಡುತ್ತ ಒಮ್ಮೆಲೇ ಕೆಮ್ಮುವುದು, ಜಗ್ಗುವುದು, ನಿಂತುಬಿಡುವುದು. ಸ್ವಲ್ಪ ಹೊತ್ತು ಬಿಟ್ಟು ಮೂತಿಗೆ ಕಬ್ಬಿಣದ ಹ್ಯಾಂಡಲ್ ಸಿಕ್ಕಿಸಿ ತಿರುಗಿಸಿ ಹೊಡೆದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಡುವುದು. ಅಪ್ಪನ ಗೆಳೆಯ ಒಬ್ಬ ಮುಸಲ್ಮಾನ ಉಸ್ತಾದ್ ಇದ್ದ. ಶಹಾಬಾದಿನ ಲಾರಿಗಳನ್ನೆಲ್ಲ ಅವನೇ ರಿಪೇರಿ ಮಾಡುತ್ತಿದ್ದ. ಅವನು ಪ್ಲಗ್ ತೆಗೆದು ಉಜ್ಜಿದ, ಕಾರ್ಬ್ಯುರೇಟರ್ ಬಿಚ್ಚಿ ತೊಳೆದ, ಪೆಟ್ರೋಲ್ ಪೈಪಿಗೆ ಬಾಯಿಟ್ಟು ಊದಿದ. "ಕಚರಾ ಸಿಕ್ಕೊಂಡದ ಅಣ್ಣಾ, ಹೋಗ್ತದ" ಅನ್ನುತ್ತಿದ್ದ. ಆ ಕಸ ಹೋಗಲಿಲ್ಲ. ಅಂಗಳದಲ್ಲಿ ನಿಲ್ಲಿಸಿ ಓಡಿಸಿದರೆ ಗುರ್ರ್ ಎಂದು ಸುಮ್ಮನೆ ಓಡುವುದು, ಕಲ್ಲು ಹೇರಿ ದಾರಿಗೆ ಬಿಟ್ಟರೆ ಅದೇ ರೋಗ.

ಚಿಂಚೋಳಿಯಲ್ಲಿ ಒಂದು ಶಾಲೆ ಕಟ್ಟುತ್ತಿದ್ದರು. ಅಲ್ಲಿಯ ಗೌಂಡಿಗಳು, ಅಂದರೆ ಗಾರೆ ಕೆಲಸದವರು, ಕಲ್ಲಿಗಾಗಿ ಕೆಲಸ ನಿಲ್ಲಿಸಿ ಕೂತಿದ್ದರು. ಸಾವ್ಕಾರರಿಗೆ ಸಿಟ್ಟು ಬಂತು. "ನಾನೇ ಸಂಗಟ ಬರ್ತೀನಿ. ಚಿಂಚೋಳಿ ಮುಟ್ಟಿದ್ರ ಮುಟ್ಟಿತು. ಇಲ್ಲಂದ್ರ ಹೈದರಾಬಾದಿಂದ ಬ್ಯಾರೆ ಡ್ರೈವರ್ ಬರ್ತಾನ" ಎಂದರು. ಆ ರಾತ್ರಿ ಅಪ್ಪ ಉಣ್ಣಲಿಲ್ಲ. ಅವನಿಗೆ ಬೇರೆ ಯಾವ ಕೆಲಸವೂ ಬರುತ್ತಿರಲಿಲ್ಲ, ಬೇರೆ ಯಾವ ಕೆಲಸದ ಮೇಲೂ ಮನಸ್ಸಿರಲಿಲ್ಲ.

ಅವ್ವ ಆಗ ಬಾಣಂತಿ; ಚಿಂಚೋಳಿ ಹತ್ತಿರದ ತವರಿನಲ್ಲಿದ್ದಳು. ಹೀಗಾಗಿ ಅಕ್ಕನೂ ನಾನೂ ಲಾರಿ ಹತ್ತಿದೆವು. ಮುಂದೆ ಅಪ್ಪ, ಸಾವ್ಕಾರರು. ಹಿಂದೆ ಕಲ್ಲುಗಳ ಮೇಲೆ ಗೋಣಿಚೀಲ ಹಾಸಿಕೊಂಡು ನಾವಿಬ್ಬರು, ಉಸ್ತಾದ್. ಇಬ್ಬನಿಗೆ ತಣ್ಣಗಾಗಿದ್ದ ಕಲ್ಲು ಕೆಳಗೆ, ಬಿಸಿ ಎಣ್ಣೆಯ ವಾಸನೆ ಮುಂದೆ. ದಾರಿಯ ಎರಡೂ ಕಡೆ ತೊಗರಿ ಹಳದಿ ಹೂವು ಬಿಟ್ಟಿತ್ತು. ಅಕ್ಕನ ಮಡಿಲಲ್ಲಿ ಸಜ್ಜೆರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿಯ ಗಂಟು.

ಚಿತ್ತಾಪುರ ದಾಟಿದ್ದೇ ಲಾರಿ ಕೆಮ್ಮಿ ನಿಂತಿತು. ಅಪ್ಪ ಇಳಿದ. ಮುಚ್ಚಳ ತೆಗೆದು, ಕೋಲು ಇಳಿಬಿಟ್ಟು ಪೆಟ್ರೋಲ್ ಇದೆಯೇ ಎಂದು ನೋಡಿದ, ಮುಚ್ಚಿದ. ಉಸ್ತಾದ್ ಪೈಪ್ ಊದಿದ. ಹ್ಯಾಂಡಲ್ ಹೊಡೆದರು, ಹೊರಟಿತು. ಸೇಡಮ್ಮಿನ ಹತ್ತಿರ ಮತ್ತೆ ನಿಂತಿತು. ಮತ್ತೆ ಅದೇ ಕೋಲು, ಅದೇ ಊದುವುದು. ಈ ಸಲ ಅಕ್ಕ ಇಳಿದು ಅಪ್ಪನ ಪಕ್ಕದಲ್ಲೇ ನಿಂತಿದ್ದಳು.

"ಅಪ್ಪಾ, ಮುಚ್ಚಳ ತೆಗೆದಾಗ ಒಳಗ ಸುಂಯ್ ಅಂತದ" ಎಂದಳು.

"ಏ, ದೂರ ಸರಿ. ಇಂಜಿನ್ ಅಂದ್ರ ರೊಟ್ಟಿ ಹಂಚು ಮಾಡೀ ಏನು?" ಅಪ್ಪ ಗದರಿದ. ಸಾವ್ಕಾರರು ನಕ್ಕರು. ಅಕ್ಕ ಕಲ್ಲಿನ ಮೇಲೆ ಬಂದು ಕೂತಳು. ಆದರೆ ಕಿವಿಯನ್ನು ಮಾತ್ರ ಇಂಜಿನ್ ಕಡೆಗೇ ಇಟ್ಟಿದ್ದಳು.

ಚಿಂಚೋಳಿ ಕಡೆಯ ಗುಡ್ಡಗಳು ಕಾಣತೊಡಗಿದವು. ಏರು ದಾರಿ. ಅರ್ಧ ಏರಿದ ಲಾರಿ ಒಂದು ಸಲ ಕೆಮ್ಮಿತು, ಎರಡು ಸಲ ಜಗ್ಗಿತು, ನಿಂತು ಹಿಂದಕ್ಕೆ ಜಾರತೊಡಗಿತು. ಉಸ್ತಾದ್ ಜಿಗಿದು ಗಾಲಿಗಳಿಗೆ ಬಂಡೆ ಕೊಟ್ಟ. ಸಾವ್ಕಾರರು ಇಳಿದು ಧೋತರ ಝಾಡಿಸಿಕೊಂಡರು. "ಆಯ್ತಪಾ, ಮುಗೀತು. ನಾ ನೋಡೋದೆಲ್ಲ ನೋಡಿದೆ" ಎಂದರು. ಅಪ್ಪ ಲಾರಿಯ ಮೆಟ್ಟಿಲ ಮೇಲೆ ತಲೆ ಹಿಡಿದುಕೊಂಡು ಕೂತ. ಕೋಲು ಇಳಿಬಿಡಲೂ ಏಳಲಿಲ್ಲ.

ಅಕ್ಕ ನನ್ನ ತೊಡೆ ಚಿವುಟಿದಳು. "ಇದು ನಿನ್ನ ವಿಭೂತಿ ಕೆಲಸ. ತೂತು ಮುಚ್ಚೀದಿ ನೀನು."

"ತೂತು ಮುಚ್ಚಿದ್ರ ಏನಾಗ್ತದ?"

"ಎಣ್ಣಿ ಡಬ್ಬಿಗಿ ಅವ್ವ ಎರಡು ತೂತು ಯಾಕ ಹೊಡಿತಾಳ? ಒಂದರಾಗಿಂದ ಗಾಳಿ ಒಳಗ ಹೋದ್ರಷ್ಟ ಇನ್ನೊಂದರಾಗಿಂದ ಎಣ್ಣಿ ಬರ್ತದ. ಟಾಕಿಗಿ ಗಾಳಿ ಹೋಗಲಿಕತ್ತಿಲ್ಲ. ಅದಕ್ಕ ಪೆಟ್ರೋಲ್ ಇಳೀವಲ್ದು. ಅಪ್ಪ ಕೋಲು ಹಾಕ್ಲಿಕ್ಕೆ ಮುಚ್ಚಳ ತೆಗೆದಾಗ ಗಾಳಿ ಹೋಗ್ತದ, ಗಾಡಿ ಹೊಂಡ್ತದ. ಹೋಗು, ಅಪ್ಪಗ ಹೇಳು."

"ನೀನೇ ಹೇಳು."

"ನಾ ಹೇಳಿದ್ರ ಏನಾಯ್ತು, ಆಗಲೇ ನೋಡಿದ್ಯಲ್ಲ? ಓಡು!"

ನಾನು ಓಡಿದೆ. ವಿಭೂತಿಯ ಮಾತು ಬಿಟ್ಟು ಉಳಿದದ್ದೆಲ್ಲ ಕೂಗಿ ಹೇಳಿದೆ: "ಅಪ್ಪಾ, ಟಾಕಿಗಿ ಗಾಳಿ ಬೇಕು! ಮುಚ್ಚಳದ ತೂತು ಮುಚ್ಚ್ಯದ! ಎಣ್ಣಿ ಡಬ್ಬಿಗಿ ಎರಡು ತೂತು ಹೊಡಿತೀವಲ್ಲ, ಹಂಗ!"

ಪೈಪಿಗೆ ಬಾಯಿ ಇಡಲು ಹೊರಟಿದ್ದ ಉಸ್ತಾದ್ ಹಾಗೇ ನಿಂತ. "ತಡೀರಿ. ಯಾರೂ ಏನೂ ಮುಟ್ಟಬ್ಯಾಡ್ರಿ" ಎಂದು ಮಂಡಿಯೂರಿ ಮುಚ್ಚಳಕ್ಕೆ ಕಿವಿ ಕೊಟ್ಟ. "ಅಣ್ಣಾ, ಈಗ ತಗಿ." ಅಪ್ಪ ತಿರುಗಿಸಿದ. ಸುಂಯ್ ಎಂದು ಟಾಕಿ ಉಸಿರೆಳೆದುಕೊಂಡದ್ದು ನನಗೂ ಕೇಳಿಸಿತು. "ಮುಚ್ಚು. ಈಗ ಹ್ಯಾಂಡಲ್." ಪೈಪ್ ಊದಲಿಲ್ಲ, ಪ್ಲಗ್ ಮುಟ್ಟಲಿಲ್ಲ. ಇಂಜಿನ್ ಗುಡುಗಿತು.

ಉಸ್ತಾದ್ ಹಣೆ ಬಡಿದುಕೊಂಡು ನಗತೊಡಗಿದ. "ಇಡೀ ಗಾಡಿ ಬಿಚ್ಚಿ ನೋಡೀನಿ. ಇದೊಂದು ಮುಟ್ಟಿದ್ದಿಲ್ಲ. ನಿಮ್ಮ ವಿಭೂತಿ ಅದ, ನಾ ಹೆಂಗ ಕೈ ಹಚ್ಚಲಿ ಅಂತ ಬಿಟ್ಟೆ!"

"ನಾ ದಿನಾ ಕೈ ಮುಗಿಲಿಕತ್ತಿದ್ದೆ" ಎಂದ ಅಪ್ಪ. ದಾರಿಯ ಪಕ್ಕದ ಜಾಲಿಯಿಂದ ಒಂದು ಮುಳ್ಳು ಮುರಿದುಕೊಂಡು, ತಪ್ಪಾಯ್ತು ಶಿವನೇ ಎಂದು ವಿಭೂತಿಯನ್ನು ಕೆರೆದ. ಒಂದು ಚೂರನ್ನೂ ನೆಲಕ್ಕೆ ಬೀಳಿಸದೆ ಅಂಗೈಯಲ್ಲಿ ಹಿಡಿದು ಹಣೆಗೆ ಹಚ್ಚಿಕೊಂಡ. ಮುಚ್ಚಳ ತೆಗೆದು ತೂತಿನಲ್ಲಿ ಮುಳ್ಳು ಆಡಿಸಿ ಆಕಾಶಕ್ಕೆ ಹಿಡಿದ. ಬೆಳಕು ಕಂಡಿತು.

ಆಗ ಸಾವ್ಕಾರರು ಕೇಳಿದರು: "ಇದನ್ನ ಇಷ್ಟು ದಪ್ಪ ಮೆತ್ತಿದವ್ರು ಯಾರು?"

ಪೂಜೆಯ ಕೆಲಸ ಹೆಣ್ಣುಮಕ್ಕಳದು ಎಂದು ಎಲ್ಲರೂ ಅಕ್ಕನ ಕಡೆ ನೋಡಿದರು. ಅಕ್ಕ ನನ್ನ ಕಡೆ ನೋಡಿದಳು. ನಾನು ಗಾಲಿಯ ಕಡೆ ನೋಡಿದೆ. ಅಷ್ಟೇ ಮಕ್ಕಳೇ, ನನ್ನ ತಪ್ಪು ಅಷ್ಟೇ ಹೊತ್ತಿನದು. ಅಕ್ಕ ತಲೆ ತಗ್ಗಿಸಿದಳು. "ಇನ್ನ ಮ್ಯಾಲೆ ನೀ ಗಾಡಿ ಹತ್ರ ಬರಬ್ಯಾಡ" ಎಂದ ಅಪ್ಪ. ಸಾವ್ಕಾರರು "ಹುಡುಗ ಭಾಳ ಶಾಣ್ಯಾ ಇದ್ದಾನ" ಎಂದು ನನ್ನನ್ನು ಎತ್ತಿ ಮುಂದಿನ ಸೀಟಿಗೆ ಕೂರಿಸಿದರು.

ಲಾರಿ ಏರು ಹತ್ತಿದ್ದನ್ನು ನೀವು ನೋಡಬೇಕಿತ್ತು! ಅಷ್ಟು ಭಾರ ಹೊತ್ತು ಒಂದೇ ಉಸಿರಿಗೆ ಏರಿತು. ಅಪ್ಪ ನಗುತ್ತಿದ್ದ, ಅಳುತ್ತಲೂ ಇದ್ದ. ಚಿಂಚೋಳಿಯ ಓಣಿಯಲ್ಲಿ ರಬ್ಬರಿನ ಹಾರ್ನ್ ಒತ್ತಲು ನನಗೇ ಕೊಟ್ಟ. ಪೋಂ ಪೋಂ ಸದ್ದಿಗೆ ಗೌಂಡಿಗಳು ಎದ್ದು ನಿಂತು ಚಪ್ಪಾಳೆ ಹೊಡೆದರು. ತಿರುಗಿ ನೋಡಿದೆ. ಹಿಂದೆ ಅಕ್ಕ ಕಲ್ಲುಗಳ ಮೇಲೆ ನೆಟ್ಟಗೆ ನಿಂತಿದ್ದಳು. ಮುಖವೆಲ್ಲ ಧೂಳು, ಧೂಳಿನೊಳಗೆ ಅಗಲವಾದ ನಗು. ಆ ಲಾರಿ ಮತ್ತೆ ಹಾಗೆ ನಿಲ್ಲಲಿಲ್ಲ. ಬೇರೆ ಡ್ರೈವರ್ ಬರಲಿಲ್ಲ. ಮಗ ಇಂಜಿನ್ನಿನ ರೋಗ ಕಂಡುಹಿಡಿದನೆಂದು ಅಪ್ಪ ಊರೆಲ್ಲ ಹೇಳಿದ, ಅಪ್ಪನ ನಂತರ ನಾನೂ ಅದನ್ನೇ ಹೇಳಿದೆ.

ಹೋದ ತಿಂಗಳು ಸೇಡಮ್ಮಿಗೆ ಹೋಗಿ ಅಕ್ಕನ ಮುಂದೆ ಎಲ್ಲ ಒಪ್ಪಿಕೊಂಡೆ. ಅವಳು ಶೇಂಗಾ ಸುಲಿಯುತ್ತಿದ್ದಳು. "ಇಷ್ಟು ವರ್ಷ ಅದನ್ನ ಹೊತ್ಕೊಂಡು ತಿರಗ್ಯಾಡೀ ಏನೋ ಹುಚ್ಚಾ?" ಎಂದು ನಕ್ಕಳು. "ಅವತ್ತು ಅಪ್ಪ ನನ್ನ ಮಾತು ಕೇಳ್ತಿದ್ದಿಲ್ಲ. ಅದಕ್ಕ ನಿನ್ನ ಬಾಯಿ ಕಡ ತಗೊಂಡಿದ್ದೆ. ಗಾಡಿ ಏರು ಹತ್ತಿತು, ಗೆದ್ದೆ. ಆದ್ರ ವಿಭೂತಿದು ಮಾಫ್ ಇಲ್ಲ. ಕುಂದ್ರು, ಶೇಂಗಾ ಸುಲಿ." ಕತ್ತಲಾಗುವ ತನಕ ಸುಲಿದೆ.

ನಿಮ್ಮ ಕಾಲದ ಗಾಡಿಗೆ ಎಲ್ಲಿ ನೋಯುತ್ತಿದೆ ಎಂದು ಅದೇ ದೀಪ ಹಚ್ಚಿ ತೋರಿಸುತ್ತದೆ. ಮೊನ್ನೆ ನಮ್ಮ ಮೊಮ್ಮಗಳು ಗ್ಯಾರೇಜಿನವನಿಗೆ ಫೋನ್ ಮಾಡಿ ತನ್ನ ಗಾಡಿಯ ರೋಗ ಏನೆಂದು ತಾನೇ ಹೇಳಿದಳು. ಅವನು ಪೂರ್ತಿ ಕೇಳಿಸಿಕೊಂಡ. ಯಾರ ಬಾಯನ್ನೂ ಅವಳು ಕಡ ತರಬೇಕಾಗಲಿಲ್ಲ. ಆ ಲಾರಿಯ ಕಥೆಯನ್ನು ನೀವು ಗೆಳೆಯರಿಗೆ ಹೇಳುತ್ತೀರೆಂದು ನನಗೆ ಗೊತ್ತು. ಇನ್ನು ಮೇಲೆ ತಿದ್ದಿ ಹೇಳಿ: ಲಾರಿಯನ್ನು ನಿಲ್ಲಿಸಿದವನು ನಮ್ಮ ಅಜ್ಜ, ಓಡಿಸಿದವಳು ಅವನ ಅಕ್ಕ.