ಎಡಕ್ಕೆ ತಿರುಗಿದ ಚಕ್ರ

ಅಟ್ಟ ಗುಡಿಸುವ ಹುಚ್ಚು ನನಗೆ ವರ್ಷಕ್ಕೊಮ್ಮೆ ಹತ್ತುತ್ತದೆ. ಈ ಸಲ ಮೂಲೆಯಲ್ಲಿ ಹಳೆಯ ಕಾಫಿಪುಡಿ ಡಬ್ಬಿಯೊಂದು ಸಿಕ್ಕಿತು. ಮುಚ್ಚಳ ತೆಗೆದೊಡನೆ ಗ್ರೀಸ್ ಮತ್ತು ಹೊಗೆಸೊಪ್ಪು ಸೇರಿದ ವಾಸನೆ ಮೂಗಿಗೆ ಬಡಿಯಿತು. ಒಳಗೆ ಗೋಣಿಯ ತುಂಡಿನಲ್ಲಿ ಸುತ್ತಿಟ್ಟ ಒಂದು ಕಬ್ಬಿಣದ ಪಿನ್ನು, ಹೆಬ್ಬೆರಳಿನಷ್ಟು ದಪ್ಪ, ತುದಿಯಲ್ಲಿ ಗೋಲಿಯಂಥ ಗುಂಡು. ಗುಂಡಿನ ಒಂದು ಪಕ್ಕ ಸವೆದು ಚಪ್ಪಟೆಯಾಗಿದೆ. ಸೊಸೆ, "ಗುಜರಿಗೆ ಹಾಕಲಾ ಅತ್ತೆ?" ಎಂದಳು. "ಮುಟ್ಟಬೇಡ!" ಎಂದೆ. ದನಿ ಯಾಕೆ ಅಷ್ಟು ಜೋರಾಯಿತೋ... ಪಾಪ, ಅವಳು ಪೊರಕೆ ಹಿಡಿದು ಹಾಗೇ ನಿಂತುಬಿಟ್ಟಳು.

ಐವತ್ತರ ದಶಕದಲ್ಲಿ ಮದುವೆಯಾಗಿ ನಾನು ಹುಣಸೂರಿಗೆ ಬಂದೆ. ನನ್ನ ಗಂಡ ಹೈಸ್ಕೂಲು ಮೇಷ್ಟ್ರು, ಹಾಗಾಗಿ ನಾನು ಬೀದಿಗೆಲ್ಲ ಮೇಷ್ಟ್ರಮ್ಮ. ನಮ್ಮ ಗೋಡೆಗೆ ಗೋಡೆ ಹತ್ತಿಸಿಕೊಂಡಿದ್ದದ್ದು ಹೊಗೆಸೊಪ್ಪಿನ ವ್ಯಾಪಾರಿಯೊಬ್ಬರ ಮನೆ. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ವಯಸ್ಸಿನಲ್ಲಿ ನನಗಿಂತ ಸಾಕಷ್ಟು ದೊಡ್ಡವರು, ಮಕ್ಕಳಿರಲಿಲ್ಲ. ಹಣೆಯಲ್ಲಿ ವಿಭೂತಿ, ಅದರ ಕೆಳಗೆ ಕಾಸಗಲ ಕುಂಕುಮ. ಮಾತು ಕಡಿಮೆ. ನಾನು ಇಬ್ಬರ ಪಾಲನ್ನೂ ಆಡುತ್ತಿದ್ದರಿಂದ ನಮ್ಮ ಸ್ನೇಹಕ್ಕೆ ಅದರಿಂದ ತೊಂದರೆಯಾಗಲಿಲ್ಲ.

ಅವರ ಮನೆಯಲ್ಲಿ ಒಂದು ಕರಿ ಕಾರಿತ್ತು. ಯುದ್ಧಕ್ಕೂ ಮುಂಚಿನದು, ಕೊಡಗಿನ ತೋಟದ ದೊರೆಯೊಬ್ಬ ಮಾರಿಹೋದದ್ದು. ಅದರ ಸ್ಟೇರಿಂಗನ್ನು ಅರ್ಧ ಸುತ್ತು ತಿರುಗಿಸಿದರೂ ಚಕ್ರಕ್ಕೆ ಸುದ್ದಿ ಮುಟ್ಟುತ್ತಿರಲಿಲ್ಲ. ನೆಟ್ಟಗಿನ ರಸ್ತೆಯಲ್ಲೂ ಅಕ್ಕನ ಯಜಮಾನರು ಮಜ್ಜಿಗೆ ಕಡೆಯುವವರ ಹಾಗೆ ಎರಡೂ ಕೈ ಆಡಿಸುತ್ತಲೇ ಇರಬೇಕು. ಚಕ್ರಗಳನ್ನು ಜೋಡಿಸುವ ಸಲಾಕೆಯ ತುದಿಗಳಲ್ಲಿ ಇಂಥ ಗುಂಡಿನ ಪಿನ್ನುಗಳಿರುತ್ತವೆ, ಅವು ಪೂರ್ತಿ ಸವೆದುಹೋಗಿದ್ದವು. ಹೊಸವನ್ನು ಮೈಸೂರಿನಿಂದ ತಂದು ಬೀರುವಿನಲ್ಲಿ ಇಟ್ಟೂ ಆಗಿತ್ತು. ಈ ಕಾರಿನ ಕೆಲಸವನ್ನೆಲ್ಲ ಅವರು ಮನೆಯಲ್ಲೇ ಮಾಡುತ್ತಿದ್ದರು, ಅಕ್ಕ ಪಕ್ಕದಲ್ಲಿ ಕೂತು ಪಾನಾ ಕೊಡುತ್ತಿದ್ದರು. "ಸೊಪ್ಪಿನ ಸೀಜನ್ ಒಂದ್ ಮುಗೀಲಿ" ಎಂದು ಯಜಮಾನರು ಮುಂದೂಡುತ್ತಾ ಬಂದರು.

ಆ ವರ್ಷ ದೀಪಾವಳಿ ಕಳೆದ ಮೇಲೆ ಅವರು ಕೋಟೆ ತಾಲ್ಲೂಕಿನ ಹಳ್ಳಿಗಳ ಕಡೆಗೆ ಸೊಪ್ಪು ನೋಡಲು ಹೋದವರು ಹಿಂದಿರುಗಲಿಲ್ಲ. ಕಾರು ಮಾತ್ರ ಸಿಕ್ಕಿತು, ಅಂತರಸಂತೆ ದಾಟಿ ಕಾಕನಕೋಟೆ ಕಾಡಿನ ಅಂಚಿನಲ್ಲಿ. ಎಲ್ಲಿಗೂ ಗುದ್ದಿರಲಿಲ್ಲ, ಒಂದು ಗೀರೂ ಇರಲಿಲ್ಲ. ಬಾಗಿಲು ತೆರೆದಿತ್ತು, ಸೀಟಿನ ಮೇಲೆ ಅವರ ಟವಲ್ಲು ಮಡಿಸಿಟ್ಟ ಹಾಗೇ ಇತ್ತು. ಮುಂದಿನ ಚಕ್ರಗಳೆರಡೂ ಪೂರ್ತಿ ಎಡಕ್ಕೆ, ಕಾಡಿನ ಕಡೆಗೆ ತಿರುಗಿದ್ದವು. ಆನೆ ಎಂದರು, ಹುಲಿ ಎಂದರು, ಕೇರಳಕ್ಕೆ ದಾಟಿಹೋದರು ಎಂದೂ ಅಂದರು. ಕಾಡಿನವರೂ ಪೊಲೀಸರೂ ಹುಡುಕಿದರು. ಒಂದು ಚಪ್ಪಲಿಯೂ ಸಿಗಲಿಲ್ಲ.

ಎತ್ತು ಕಟ್ಟಿ ಕಾರನ್ನು ಎಳೆದು ತಂದು ಹಿತ್ತಲ ಕೊಟ್ಟಿಗೆಯಲ್ಲಿ ನಿಲ್ಲಿಸಿದರು. ಕೆ.ಆರ್. ನಗರದಿಂದ ಅಕ್ಕನ ಭಾವನವರು, ಅಂದರೆ ಯಜಮಾನರ ಅಣ್ಣ, ಮತ್ತೆ ಮತ್ತೆ ಬಂದು ಹೋದರು. ಕೊನೆಗೆ ಒಂದು ದಿನ ಜಗಲಿಯಲ್ಲಿ ಕೂತು, "ಶಿವರಾತ್ರಿ ಅಮಾಸೆಗೆ ಕಾರ್ಯ ಮುಗಿಸ್ಬೇಕು ಕಣವ್ವ. ಅವನ್ನ ಇನ್ನೆಷ್ಟು ದಿವ್ಸ ಇಂಗೆ ಬೀದೀಲಿ ನಿಲ್ಸೀಯೆ?" ಎಂದರು. ನಾನು ತಿರುಗಿ ಬೀದಿಯನ್ನು ನೋಡಿಬಿಟ್ಟೆ. ಬಿಸಿಲು ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ.

ಅವರು ಹೋದ ಮೇಲೆ ಅಕ್ಕ ನನ್ನನ್ನು ಕರೆದರು. "ಮೇಷ್ಟ್ರಮ್ಮ, ಒಸಿ ಕೈ ಜೋಡಿಸ್ತೀರಾ? ಊರಲ್ಲಿ ಯಾವ ಮೇಸ್ತ್ರೀನೂ ಈ ಕಾರ್ ಮುಟ್ಟಾಕಿಲ್ಲ ಅಂತವ್ನೆ. ಸ್ಟೇರಿಂಗ್ ಒಂದ್ ಸರಿಯಾದ್ರೆ ಅಮಾಸೆ ಒಳ್ಗೆ ನಾನೇ ಓಡಿಸ್ಕಂಡು ಓಯ್ತೀನಿ. ಅಲ್ಲೇ ಎಲ್ಲೋ ಅವ್ರೆ ಕಣ್ರಮ್ಮ." ಅವರಿಗೆ ಕಾರು ಓಡಿಸಲು ಬರುತ್ತಿತ್ತು. ಯಜಮಾನರು ಲಕ್ಷ್ಮಣತೀರ್ಥದ ಆಚೆಯ ಬಯಲಿನಲ್ಲಿ ಕದ್ದುಮುಚ್ಚಿ ಕಲಿಸಿದ್ದರು.

ಅಂತೂ ಇಬ್ಬರು ಹೆಂಗಸರು ಸೆರಗು ಸಿಕ್ಕಿಸಿಕೊಂಡು ಕಾರಿನ ಕೆಳಗೆ ನುಗ್ಗಿದೆವು. ಮುಂಭಾಗವನ್ನು ಜಾಕಿನಿಂದ ಎತ್ತಿ, ಕೆಳಗೆ ಮರದ ದಿಮ್ಮಿ ಕೊಟ್ಟೆವು. ನಟ್ಟುಗಳು ತುಕ್ಕು ಹಿಡಿದು ಜಪ್ಪಯ್ಯ ಅಂದರೂ ಜಗ್ಗುತ್ತಿರಲಿಲ್ಲ. ಸೀಮೆಎಣ್ಣೆ ಬಿಟ್ಟು ನೆನೆಸಬೇಕು, ಸುತ್ತಿಗೆಯಿಂದ ತಟ್ಟಬೇಕು, ಮತ್ತೆ ನಾಳೆ ನೋಡಬೇಕು. ಹೀಗೆ ಕೆಲಸ ದಿನದಿಂದ ದಿನಕ್ಕೆ ಎಳೆಯಿತು. ಸಂಜೆ ಏಳುವ ಮುಂಚೆ ಅಕ್ಕ ಚಕ್ರಗಳನ್ನು ನೆಟ್ಟಗೆ ನಿಲ್ಲಿಸಿ, ಕೊಟ್ಟಿಗೆಗೆ ಬೀಗ ಹಾಕುತ್ತಿದ್ದರು.

ಬೆಳಿಗ್ಗೆ ಬಾಗಿಲು ತೆಗೆದರೆ ಚಕ್ರಗಳು ಎಡಕ್ಕೆ ತಿರುಗಿರುತ್ತಿದ್ದವು. ಪೂರ್ತಿ ಎಡಕ್ಕೆ, ಕಾಡಿನಲ್ಲಿ ಸಿಕ್ಕಾಗ ಇದ್ದಂತೆಯೇ. ನಮ್ಮ ಹಿತ್ತಲಿನಿಂದ ಕೋಟೆಯ ರಸ್ತೆ ಇರುವುದೂ ಆ ದಿಕ್ಕಿಗೇ.

ನನ್ನ ಗಂಡನಿಗೆ ಹೇಳಿದೆ. ಅವರ ಹತ್ತಿರ ಎಲ್ಲದಕ್ಕೂ ಒಂದು ವಿವರಣೆ ಇರುತ್ತಿತ್ತು. "ಗಾಳಿಯಲ್ಲಿ ತೂಗೋ ಚಕ್ರ, ಸಡಿಲವಾದ ಸಲಾಕೆ. ಭಾರ ಇರೋ ಕಡೆಗೆ ವಾಲುತ್ತೆ. ಇದಕ್ಕೆ ದೆವ್ವ ಯಾಕೆ ಬೇಕು?" ಎಂದರು. ಹಗಲಲ್ಲೂ ಅದು ಗಾಳಿಯಲ್ಲೇ ತೂಗುತ್ತಿತ್ತಲ್ಲ, ನಮ್ಮ ಕಣ್ಣೆದುರು ಯಾಕೆ ವಾಲಲಿಲ್ಲ ಎಂದು ಕೇಳಿದೆ. ಅವರು ಪೇಪರಿನ ಪುಟ ತಿರುವಿದರು.

ನಿಜ ಹೇಳಬೇಕೆಂದರೆ ನನಗೆ ಅಕ್ಕನ ಮೇಲೇ ಅನುಮಾನ ಬಂತು. ಅದು ಮುಖದಲ್ಲಿ ಕಂಡಿತೇನೋ, ಒಂದು ಸಂಜೆ ಅವರೇ "ಬೀಗದ ಕೈ ನೀವೇ ಇಟ್ಕಳಿ" ಎಂದು ಕೊಟ್ಟರು. ಸೆರಗಿನ ತುದಿಗೆ ಗಂಟು ಹಾಕಿಕೊಂಡು ಮಲಗಿದೆ. ಬೆಳಿಗ್ಗೆ ನಾನೇ ಬೀಗ ತೆಗೆದೆ. ಚಕ್ರ ಎಡಕ್ಕೇ ಇತ್ತು. ಹೊಗೆಸೊಪ್ಪಿನ ವಾಸನೆ ಗಾಢವಾಗಿತ್ತು, ಈಗಷ್ಟೇ ಮೂಟೆ ಬಿಚ್ಚಿದ ಹಾಗೆ. ಡ್ರೈವರ್ ಸೀಟು ಯಾರೋ ಎದ್ದುಹೋದಂತೆ ತಗ್ಗಾಗಿತ್ತು. ಹಳೆಯ ಸೀಟು, ಯಾವಾಗಲೂ ಹಾಗೇ ಇತ್ತೋ ಏನೋ... ಬೆಚ್ಚಗಿದೆಯೇ ಎಂದು ಕೈಯಿಟ್ಟು ನೋಡುವ ಧೈರ್ಯ ನನಗೆ ಬರಲಿಲ್ಲ.

ಅಕ್ಕ ಹೆದರಲಿಲ್ಲ. ಚಕ್ರ ನೋಡಿದ ಕೂಡಲೇ ಅವರ ಮುಖ ಬೆಳಗುತ್ತಿತ್ತು. ಪರ ಊರಿಗೆ ಹೋದ ಗಂಡ ಬಂದು ಹೊರಗೆ ಚಪ್ಪಲಿ ಬಿಟ್ಟಿದ್ದನ್ನು ನೋಡಿದ ಹೆಂಗಸಿನ ಮುಖ. ಆಮೇಲೆ ಅವರ ಕೆಲಸ ನಿಧಾನವಾಯಿತು. ಬಲಗಡೆಯ ಪಿನ್ನು ಹಾಕಿ ಮುಗಿದಿತ್ತು, ಎಡಗಡೆಯದೊಂದು ಬಾಕಿ. ಒಂದು ದಿನ ಸೋಮವಾರ ಎಂದರು, ಮತ್ತೊಂದು ದಿನ ತಲೆನೋವು ಎಂದರು. ಬಿಗಿ ಮಾಡಿದ ನಟ್ಟನ್ನು ತಾವೇ ಸಡಿಲ ಮಾಡುತ್ತಿದ್ದರು. ನನಗೆ ಅರ್ಥವಾಗದೆ ಇರಲಿಲ್ಲ. ಆದರೂ ಅಮಾವಾಸ್ಯೆ ಹತ್ತಿರ ಬಂದಾಗ ಹೇಳಲೇಬೇಕಾಯಿತು. "ಅಕ್ಕಾ, ನಾಡಿದ್ದು ನಿಮ್ಮ ಭಾವನವರು ಬರ್ತಾರೆ. ಹೋಗೋದಾದರೆ ನಾಳೆ ಒಂದೇ ದಿನ ಇರೋದು."

ಅವರು ಹೊಸ ಪಿನ್ನನ್ನು ಅಂಗೈಯಲ್ಲಿ ಹಿಡಿದರು. "ಇದ್ನ ಆಕ್ಬುಟ್ರೆ..." ಎಂದು ಶುರುಮಾಡಿ ನಿಲ್ಲಿಸಿದರು. ಆಮೇಲೆ ಗ್ರೀಸ್ ಮೆತ್ತಿ, ಕೂರಿಸಿ, ನಟ್ಟು ಬಿಗಿದು, ಅದು ಬಿಚ್ಚದಂತೆ ಸಣ್ಣ ತಂತಿಯನ್ನು ತೂರಿಸಿ ಮಡಿಸಿದರು. ಚಕ್ರಗಳನ್ನು ಎಂದಿನಂತೆ ನೆಟ್ಟಗೆ ನಿಲ್ಲಿಸಿದರು. ನಾನು ಜಾಕ್ ಇಳಿಸಲು ಹೋದೆ. "ಬ್ಯಾಡ, ಬುಡಿ. ಬೆಳಿಗ್ಗೆ ಇಳಿಸಾನ" ಎಂದು ಕೈ ಹಿಡಿದರು.

ಬೆಳಿಗ್ಗೆ ನಾನು ಹೋಗುವ ಹೊತ್ತಿಗೆ ಅವರು ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದರು.

"ನೆಟ್ಟಗೈತೆ" ಎಂದರು.

ಒಳಗೆ ಹೋಗಿ ಚಕ್ರವನ್ನು ತಾವೇ ಎಡಕ್ಕೆ ತಿರುಗಿಸಿ ಕೈ ಬಿಟ್ಟರು. ಅದು ಬಿಟ್ಟಲ್ಲೇ ನಿಂತಿತು. ಬಲಕ್ಕೆ ತಿರುಗಿಸಿದರು, ಅಲ್ಲೂ ನಿಂತಿತು. ಹೊಗೆಸೊಪ್ಪಿನ ವಾಸನೆ ಇರಲಿಲ್ಲ, ಬರೀ ಗ್ರೀಸು.

"ನಾನೇ ಕಳಿಸ್ಬುಟ್ಟೆ ಕಣ್ರಮ್ಮ."

ಇನ್ನು ಹೊರಡಬಹುದಲ್ಲ ಅಕ್ಕಾ, ಕಾಕನಕೋಟೆಗೆ ನಾನೂ ಬರುತ್ತೇನೆ ಎಂದೆ. ಅವರು ಬೇಡವೆಂದು ತಲೆಯಾಡಿಸಿದರು. "ಇನ್ನು ಅಲ್ಲಿ ಯಾರವ್ರೆ?"

ಮರುದಿನ ಭಾವನವರು ಬರುವ ಹೊತ್ತಿಗೆ ಅಕ್ಕ ಹಣೆಯ ಕುಂಕುಮ ತೊಳೆದುಕೊಂಡು ಕೂತಿದ್ದರು. ಯಾರಿಂದಲೂ ಹೇಳಿಸಿಕೊಳ್ಳಲಿಲ್ಲ. ವರ್ಷ ವರ್ಷ ಆಯುಧಪೂಜೆಯಲ್ಲಿ ಕುಂಕುಮ ಕಂಡ ಕಬ್ಬಿಣವನ್ನು ಗುಜರಿಗೆ ಹಾಕಬಾರದೆಂದು, ಬಿಚ್ಚಿದ ಹಳೆಯ ಸಾಮಾನನ್ನೆಲ್ಲ ಹೊಳೆಗೆ ಬಿಟ್ಟರು. ಎಡಗಡೆಯ ಪಿನ್ನನ್ನು ಮಾತ್ರ ನನ್ನ ಕೈಗಿಟ್ಟು, "ಇದು ನಿಮ್ ತಾವ ಇರ್ಲಿ. ನನ್ ತಾವ ಇದ್ರೆ ತಿರ್ಗಾ ಆಕ್ಬುಟ್ಟೇನು" ಎಂದರು.

ಆಮೇಲೆ ವ್ಯಾಪಾರವನ್ನು ಅವರೇ ನಡೆಸಿದರು. ಬಿಳಿ ಸೀರೆಯ ಹೆಂಗಸು ಪಿರಿಯಾಪಟ್ಟಣಕ್ಕೂ ಕೆ.ಆರ್. ನಗರಕ್ಕೂ ಕಾರು ಓಡಿಸಿಕೊಂಡು ಹೋಗುವುದನ್ನು ಜನ ಬಾಯಿ ಬಿಟ್ಟುಕೊಂಡು ನೋಡಿದರು. ಕೋಟೆಯ ರಸ್ತೆಗೆ ಮಾತ್ರ ಒಂದು ದಿನವೂ ತಿರುಗಿಸಲಿಲ್ಲ. ಈಗ ಅಕ್ಕ ಇಲ್ಲ. ಆ ಮನೆಯೂ ಇಲ್ಲ.

ಹೋದ ವರ್ಷ ನಮ್ಮ ಮೇಷ್ಟ್ರೂ ಹೋದರು. ಅವರು ಪೇಪರು ಓದುತ್ತಿದ್ದ ಕುರ್ಚಿ ಕಿಟಕಿಯ ಬಳಿ ಇನ್ನೂ ಇದೆ. ನಿನ್ನೆ ಮಲಗುವ ಮುಂಚೆ, ಸೊಸೆ ನೋಡದ ಹಾಗೆ, ಆ ಪಿನ್ನನ್ನು ಕುರ್ಚಿಯ ಕೈಮೇಲೆ ನೆಟ್ಟಗೆ ಮಲಗಿಸಿಟ್ಟೆ, ಗುಂಡು ಬಾಗಿಲ ಕಡೆಗೆ. ಯಾಕೆಂದು ಕೇಳಿದ್ದರೆ ಏನು ಹೇಳುತ್ತಿದ್ದೆನೋ.

ಬೆಳಿಗ್ಗೆ ಎದ್ದು ನೋಡಿದೆ. ಇಟ್ಟ ಹಾಗೇ ಇತ್ತು. ಕಾಫಿ ಆರಿಹೋಯಿತು ಎಂದು ಸೊಸೆ ಕೂಗುವವರೆಗೂ ಅದರ ಮುಂದೆ ನಿಂತೇ ಇದ್ದೆ.