ಪೂಜೆಗೆ ಕೂತ ಸ್ಪ್ಯಾನರ್

ಗಾಡಿಯ ಹಣೆಗೆ ಚೆಂಡುಹೂವಿನ ಹಾರ. ಗಾಲಿಗಳ ಮುಂದೆ ನಿಂಬೆಹಣ್ಣು. ಬಾನೆಟ್ಟಿಗೆ ಮೂರು ಬೆರಳು ವಿಭೂತಿ. ಹಿಂದಿನ ಗುಂಡಿನಲ್ಲಿ ಮಾತ್ರ ಒಂದು ಹನಿ ಆಯಿಲ್ ಇಲ್ಲ.

ಕಳೆದ ವಾರ ಆಯುಧ ಪೂಜೆಯ ದಿನ ಬೆಳಿಗ್ಗೆ ಹತ್ತೂವರೆಗೆ ನನ್ನ ಪಿಕಪ್ ಹೀಗೆ ಮದುಮಗನ ಹಾಗೆ ಸಿಂಗಾರವಾಗಿ ನಿಂತಿತ್ತು. ಹೆಜ್ಜೆ ಎತ್ತಿಡುವಂತಿರಲಿಲ್ಲ.

ಹಿಂದಿನ ಗುಂಡು ಅಂದರೇನು ಅಂತ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಹೋಗುವವರಿಗೆ ಗೊತ್ತಿರುವುದಿಲ್ಲ. ಹಿಂದಿನ ಎರಡು ಗಾಲಿಗಳ ನಡುವೆ ಬೂದುಗುಂಬಳದ ಗಾತ್ರದ ಒಂದು ಕಬ್ಬಿಣದ ಗುಂಡು ಇರುತ್ತದೆ. ಓದಿದವರು ಅದಕ್ಕೆ ಡಿಫರೆನ್ಷಿಯಲ್ ಅನ್ನುತ್ತಾರೆ. (ನಾನು ಓದಿದ್ದು ಎರಡನೇ ಇಯತ್ತೆ. ಅಕ್ಷರ ತಪ್ಪಿದ್ದರೆ ಸಂಪಾದಕರು ತಿದ್ದುತ್ತಾರೆ. ಅವರಿಗೂ ಕೆಲಸ ಬೇಕಲ್ಲ.) ಅದರೊಳಗಿನ ಹಲ್ಲಿನ ಚಕ್ರಗಳು ಎಣ್ಣೆಯಲ್ಲಿ ಮುಳುಗಿರಬೇಕು. ಎಣ್ಣೆ ಹಳತಾದರೆ ಗಾಡಿ ಗೋಳಾಡುತ್ತದೆ. ನನ್ನದು ಹದಿನೈದು ದಿನದಿಂದ ಫ್ಲೈಓವರ್ ಹತ್ತುವಾಗೆಲ್ಲ ಗೋಳಾಡುತ್ತಿತ್ತು.

ಈ ಗಾಡಿಯೇ ನಮ್ಮ ಖಾನಾವಳಿ. ಕೂಕಟ್‌ಪಲ್ಲಿಯ ಮನೆಯಲ್ಲಿ ನಾನೂ ಸೊಸೆ ಮಹಾದೇವಿಯೂ ಜೋಳದ ರೊಟ್ಟಿ ಬಡಿಯುತ್ತೇವೆ. ಗಾಡಿ ಓಡಿಸುವವಳೂ ಆಕೆಯೇ. ಮಧ್ಯಾಹ್ನ ಹನ್ನೆರಡೂವರೆಗೆ ಒಂದು ಗಾಜಿನ ಆಫೀಸಿನ ಗೇಟಿನ ಎದುರು, ಬೇವಿನ ಮರದ ಕೆಳಗೆ ನಿಲ್ಲುತ್ತೇವೆ. ಆ ರಸ್ತೆಗೆಲ್ಲ ಅದೊಂದೇ ಮರ. (ಉಳಿದವನ್ನು ಕಡಿದು ಗೇಟಿನ ಒಳಗೆ ಕುಂಡದಲ್ಲಿ ಬೇರೆ ಗಿಡ ಇಟ್ಟಿದ್ದಾರೆ.) ಆ ನೆರಳಿಗೆ ಯಾರ ಹೆಸರಿನ ಕಾಗದವೂ ಇಲ್ಲ. ದಿನಾ ಬಂದು ನಿಂತವರದು. ಒಂದು ದಿನ ತಪ್ಪಿಸಿದರೆ ಹೋಯಿತು. ಒಬ್ಬ ಫ್ರೈಡ್ ರೈಸಿನವನು ಒಂದು ತಿಂಗಳಿನಿಂದ ಆ ಜಾಗದ ಮೇಲೆ ಕಣ್ಣಿಟ್ಟು ಸುತ್ತು ಹಾಕುತ್ತಿದ್ದ.

ಹಬ್ಬದ ದಿನ ಆಫೀಸಿಗೆ ರಜೆ ಇರುವುದಿಲ್ಲವೇ ಅಂತ ಕೇಳಬೇಡಿ. ರಜೆ ಕ್ಯಾಲೆಂಡರಿನಲ್ಲಿ ಇರುತ್ತದೆ. ಜನ ಆಫೀಸಿನಲ್ಲಿ ಇರುತ್ತಾರೆ.

ಮನೆಯ ಕೆಳಗೇ ಸಂಗಪ್ಪನ ಗ್ಯಾರೇಜು. ಹುಮನಾಬಾದ್ ಕಡೆಯವನು. ಕೆಲಸದಲ್ಲಿ ಗಟ್ಟಿ, ಭಕ್ತಿಯಲ್ಲಿ ಇನ್ನೂ ಗಟ್ಟಿ. “ಪೂಜಿಗಿಂತ ಮೊದಲ ಹಳೇ ಎಣ್ಣಿ ಇಳಿಸಿ ಹೊಸಾದು ಹಾಕೂಣ ಆಯೀ. ಗಾಡಿ ಶುದ್ಧ ಆಗಿ ಕುಂದ್ರತೈತಿ” ಅಂದ. ಆಗಲಿ ಅಂತ ಹೇಳಿ ನಾನು ರೊಟ್ಟಿ ಬುಟ್ಟಿಗೆ ಜೋಡಿಸಲು ಒಳಗೆ ಹೋದೆ. ಅಲ್ಲೇ ತಪ್ಪಿದ್ದು.

ಆ ಗುಂಡಿಗೆ ಎರಡು ಬಿರಡೆ. ಕೆಳಗಿನದು ಎಣ್ಣೆ ಇಳಿಸಲು, ಮೇಲಿನದು ತುಂಬಲು. ನನ್ನ ಗಂಡ ಲಾರಿ ಓಡಿಸುತ್ತಿದ್ದ. ಅವನು ಬಿಟ್ಟುಹೋದ ಆಸ್ತಿ ಅಂದರೆ ಇದೊಂದೇ ಬುದ್ಧಿ: ಮೇಲಿನ ಬಿರಡೆ ಬಿಚ್ಚಿಕೊಳ್ಳುತ್ತದೆ ಅಂತ ಗೊತ್ತಾದ ಮೇಲೆಯೇ ಕೆಳಗಿನದಕ್ಕೆ ಕೈ ಹಾಕಬೇಕು. ಸಂಗಪ್ಪನಿಗೂ ಗೊತ್ತು. ಆದರೆ ಅವಸರ ನೋಡಿ. ಕೆಳಗಿನದನ್ನು ಬಿಚ್ಚಿದ, ಕರ್ರಗಿನ ಎಣ್ಣೆ ಇಳಿಯಿತು, ಒರೆಸಿ ಮುಚ್ಚಿದ. ಮೇಲಿನದಕ್ಕೆ ಸ್ಪ್ಯಾನರ್ ಹಾಕಿದರೆ ಅದು ಜಪ್ಪಯ್ಯ ಅನ್ನಲಿಲ್ಲ. ಹಿಂದೆ ಯಾವನೋ ಮಹಾನುಭಾವ ಜನ್ಮಕ್ಕೆ ಬಿಚ್ಚಬಾರದು ಅಂತ ಬಿಗಿದಿದ್ದ.

(ಈ ಊರಿನಲ್ಲಿ ಈಗ ಎಲ್ಲ ಕೆಲಸವೂ ಹಾಗೇ. ಮೊದಲು ಕೆರೆ ಖಾಲಿ ಮಾಡಿ ಅಪಾರ್ಟ್‌ಮೆಂಟು ಎಬ್ಬಿಸುತ್ತಾರೆ. ಆಮೇಲೆ ನೀರಿನ ಟ್ಯಾಂಕರಿಗೆ ಫೋನ್ ಮಾಡುತ್ತಾರೆ.)

ಅಷ್ಟರಲ್ಲಿ ಪೂಜಾರಿ ಬಂದ. ಅವತ್ತು ಅವನಿಗೆ ಏಳು ಗ್ಯಾರೇಜು, ಎರಡು ಕಾರ್ ಶೋರೂಮು. ಈಗ ಆದರೆ ಈಗ, ಇಲ್ಲದಿದ್ದರೆ ಸಂಜೆ ಆರಕ್ಕೆ ಅಂದ. ಸಂಗಪ್ಪ ಗಾಬರಿಯಾಗಿ ಸ್ಪ್ಯಾನರು, ಜಾಕು, ಸುತ್ತಿಗೆ, ಎಣ್ಣೆ ಹಾಕುವ ಪಂಪು ಎಲ್ಲ ತೊಳೆದು ಕಟ್ಟೆಯ ಮೇಲೆ ಜೋಡಿಸಿದ. ಕುಂಕುಮ, ಹೂವು, ಮಂಗಳಾರತಿ, ಫಟ್ ಅಂತ ಬೂದುಗುಂಬಳ. ಐದೇ ನಿಮಿಷ.

ನಾನು ಹೊರಗೆ ಬಂದಾಗ ಸಂಗಪ್ಪ ಕೈ ಕಟ್ಟಿಕೊಂಡು ನಿಂತಿದ್ದ.

“ಆಯೀ, ನಾಳಿ ಮುಂಜಾನಿ ತನಕ ಸಾಮಾನು ಮುಟ್ಟಂಗಿಲ್ಲ.”

“ಮತ್ತ ನನ್ನ ಗಾಡಿ?”

“ಅದಕ್ಕೂ ಇವತ್ತು ವಿಶ್ರಾಂತಿ ಅಂತ ತಿಳ್ಕೋರಿ.”

ಮಹಾದೇವಿ ನನ್ನ ಮುಖ ನೋಡಿದಳು. “ಅತ್ತಿ, ಇವತ್ತು ಆ ಫ್ರೈಡ್ ರೈಸಿನಾವ ಬಂದು ನಿಂತಾ ಅಂದ್ರ ನಾಳಿ ಎಬ್ಬಸಾಕ ಆಗಂಗಿಲ್ಲ. ಮರ ಹೋತು.”

ಇನ್ನೂರು ರೊಟ್ಟಿ ಬುಟ್ಟಿಯಲ್ಲಿ. ಎಣ್ಣೆಗಾಯಿ ಡಬ್ಬಿಯಲ್ಲಿ. ಗಾಡಿ ವಿಶ್ರಾಂತಿಯಲ್ಲಿ.

ಆಗ ಕಟ್ಟೆಯ ಮೇಲೆ ಏನೋ ಗುಂಯ್‌ಗುಟ್ಟಿತು. ಫೋನು. ಮೇಲಿನ ಮನೆಯ ಪ್ರವೀಣನದು. ತುಮಕೂರು ಕಡೆಯ ಸಾಫ್ಟ್‌ವೇರ್ ಹುಡುಗ. ಪುಕ್ಕಟೆ ಮಂಗಳಾರತಿ ಸಿಗುತ್ತದೆ ಅಂತ ಲ್ಯಾಪ್‌ಟಾಪೂ ಫೋನೂ ತಂದು ಸಂಗಪ್ಪನ ಸ್ಪ್ಯಾನರುಗಳ ಪಕ್ಕ ಇಟ್ಟಿದ್ದ. ಫೋನಿನಲ್ಲಿ ಎರಡು ಸಲ “ಎಸ್, ಎಸ್” ಅಂದ. ಲ್ಯಾಪ್‌ಟಾಪಿನ ಮೇಲಿನ ಹೂವನ್ನು ಪಕ್ಕಕ್ಕಿಟ್ಟ, ಕುಂಕುಮವನ್ನು ಅಂಗಿಯ ತೋಳಿನಿಂದ ಒರೆಸಿದ, ಹಳೇ ಟೈರಿನ ಮೇಲೆ ಕೂತು ಟಕಟಕ ಶುರು ಮಾಡಿದ.

“ಏ ತಮ್ಮಾ, ಪೂಜಿ ಆದದ್ದು ಮುಟ್ಟಿದೆಲ್ಲ?”

“ಅಜ್ಜಿ, ಅಮೆರಿಕದಲ್ಲಿ ಇನ್ನೂ ನಿನ್ನೆ ನಡೀತಿದೆ. ಅಲ್ಲಿ ಅಷ್ಟಮಿ. ನವಮಿ ಬಂದೇ ಇಲ್ಲ.”

ನೋಡಿ! ಬಿಟೆಕ್ ಓದಿದರೆ ಪಂಚಾಂಗವೂ ಹೇಳಲು ಬರುತ್ತದೆ.

“ಸಂಗಪ್ಪ, ಇವಗ ನಡೀತೈತಿ, ನಮಗ ಯಾಕ ನಡ್ಯಂಗಿಲ್ಲ?”

“ಅದು ಬ್ಯಾರೆ ಆಯೀ. ಅದು ಕಂಪ್ಯೂಟರ್. ಅದಕ್ಕ ಅರ್ಜೆಂಟ್ ಇರ್ತೈತಿ.”

“ಹಂಗಾದ್ರ ನನ್ನ ಗಾಡೀನೂ ಅಮೆರಿಕಾದಾಗ ಐತಿ ಅಂತ ತಿಳ್ಕೊ.”

ಕಟ್ಟೆಗೆ ಹೋಗಿ ದೊಡ್ಡ ಸ್ಪ್ಯಾನರನ್ನು ಎತ್ತಿಕೊಂಡೆ. ಸಂಗಪ್ಪ ಗಲ್ಲ ಗಲ್ಲ ಬಡಿದುಕೊಂಡ. ಮಹಾದೇವಿ ಸೆರಗು ಬಿಗಿದು ಗಾಡಿಯ ಕೆಳಗೆ ಮಲಗಿ ಸ್ಪ್ಯಾನರನ್ನು ಬಿರಡೆಗೆ ಕೂರಿಸಿದಳು. ಅದರ ಹಿಡಿಗೆ ಒಂದು ಕಬ್ಬಿಣದ ನೀರಿನ ಪೈಪು ತೂರಿಸಿ ನಾನು ಹೊರಗಿನಿಂದ ಎಳೆದೆ. ಪೈಪಿಗೆ ಪೂಜೆ ಆಗಿರಲಿಲ್ಲ, ಅಷ್ಟರಮಟ್ಟಿಗೆ ಪಾಪ ಕಡಿಮೆ.

ಸಂಗಪ್ಪ ಮುಟ್ಟುವುದಿಲ್ಲ, ಸರಿ. ಬಾಯಿಗೆ ಪೂಜೆ ಆಗಿರಲಿಲ್ಲವಲ್ಲ! “ಹಂಗಲ್ಲ ಆಯೀ, ಎಡಕ್ಕ! ತಂಗೀ, ಸ್ಪ್ಯಾನರ್ ಜಾರಾಕತ್ತೈತಿ, ಒತ್ತಿ ಹಿಡಿ!” ಪ್ರವೀಣ ಲ್ಯಾಪ್‌ಟಾಪಿನಿಂದ ತಲೆ ಎತ್ತದೆ “ಆಲ್ ದಿ ಬೆಸ್ಟ್ ಅಜ್ಜಿ” ಅಂದ. ಇಬ್ಬರು ಗಂಡಸರು, ಎರಡು ಥರದ ಸಹಾಯ.

ಮೂರನೇ ಎಳೆತಕ್ಕೆ ಕಟ್ ಅಂತು. ನನ್ನ ಸೊಂಟ ಅಂದುಕೊಂಡೆ. ಬಿರಡೆ!

ಎಣ್ಣೆ ಹಾಕಲು ಪಂಪು ಬೇಕು. ಅದೂ ಪೂಜೆಗೆ ಕೂತಿದೆ. ಅದನ್ನೂ ಎಬ್ಬಿಸಬಹುದಿತ್ತು. ಆದರೆ ಸಂಗಪ್ಪನ ಕಣ್ಣಲ್ಲಿ ನೀರು ಬಂದಿತ್ತು, ಸಾಕು ಅನ್ನಿಸಿತು. ಅಡುಗೆಮನೆಯಿಂದ ಶೇಂಗಾ ಎಣ್ಣೆ ಸುರಿಯುವ ಲಾಳಿಕೆ ತಂದು, ಅದಕ್ಕೆ ರಬ್ಬರ್ ನಳಿಗೆ ಸಿಕ್ಕಿಸಿ, ಗಾಡಿಯ ಮೇಲೆ ನಿಂತು ಹೊಸ ಎಣ್ಣೆ ಹೊಯ್ದೆ. ಮಹಾದೇವಿ ನಳಿಗೆಯ ತುದಿಯನ್ನು ತೂತಿಗೆ ಹಿಡಿದಳು. ತೂತಿನಿಂದ ಹೊರಗೆ ಚೆಲ್ಲುವತನಕ ಹಾಕಬೇಕು, ಅದೇ ಅಳತೆ. ಆ ಎಣ್ಣೆ ಕೊಳೆತ ಮೊಟ್ಟೆಯ ಹಾಗೆ ನಾರುತ್ತದೆ. (ಲಾಳಿಕೆ ಎಸೆದಿದ್ದೇನೆ. ನಮ್ಮ ರೊಟ್ಟಿ ತಿನ್ನುವ ಓದುಗರು ಹೆದರಬೇಕಿಲ್ಲ.)

ಸೋಪು ಹಚ್ಚಿ ಮೊಣಕೈತನಕ ಮೂರು ಸಲ ತೊಳೆದುಕೊಂಡು ಹೊರಟೆವು. ಫ್ಲೈಓವರ್ ಮೇಲೆ ಗಾಡಿ ಉಸಿರೆತ್ತಲಿಲ್ಲ. ಹನ್ನೆರಡೂ ಮುಕ್ಕಾಲಕ್ಕೆ ಮುಟ್ಟಿದರೆ ಮರದ ಕೆಳಗೆ ಫ್ರೈಡ್ ರೈಸಿನವನು. ಸ್ಟವ್ ಇನ್ನೂ ಹಚ್ಚಿರಲಿಲ್ಲ. ಮಹಾದೇವಿ ಗಾಡಿಯನ್ನು ಅವನ ಬಂಪರಿಗೆ ಒಂದು ಗೇಣು ಬಿಟ್ಟು ನಿಲ್ಲಿಸಿದಳು.

“ಪಂಡಗ ಕದಮ್ಮಾ, ಮೀರು ರಾರನುಕುನ್ನಾ” ಅಂದ. ಹಬ್ಬ ಅಲ್ಲವಾ, ನೀವು ಬರುವುದಿಲ್ಲ ಅಂದುಕೊಂಡೆ ಅಂತ.

“ಬಂದೀವಲ್ಲ, ಸರಿ ಅತ್ಲಾಗ” ಅಂದೆ. ಅವನಿಗೆ ಕನ್ನಡ ಬರುವುದಿಲ್ಲ. ಅರ್ಥವಾಯಿತು. ಅಷ್ಟರಲ್ಲಿ ಕೊರಳಿಗೆ ಕಾರ್ಡು ಹಾಕಿಕೊಂಡವರು ನಮ್ಮ ಗಾಡಿಯ ಹಿಂದೆ ಸಾಲು ಕಟ್ಟಿದ್ದರು. ಅವನು ಹತ್ತು ಮಾರು ಮುಂದೆ ಹೋಗಿ ಬಿಸಿಲಿನಲ್ಲಿ ನಿಂತ. ಮರ ಉಳಿಯಿತು.

ಮೂರು ಗಂಟೆಗೆ ಮನೆಗೆ ಬಂದರೆ ಸಂಗಪ್ಪ ತಾಟು ಹಿಡಿದು ಬಾಗಿಲಲ್ಲಿ ನಿಂತಿದ್ದ. ಹೆಂಡತಿ ತವರಿಗೆ ಹೋಗಿದ್ದಾಳೆ.

“ಆಯೀ, ಮಾಡಬಾರದ್ದು ಮಾಡಿದ್ರಿ. ದೇವ್ರು ಸುಮ್ಮನ ಬಿಡಂಗಿಲ್ಲ.” ತಾಟು ಮುಂದೆ ಚಾಚಿ, “ರೊಟ್ಟಿ ಉಳದಾವೇನ್ರಿ?”

ನಾಲ್ಕು ಹಾಕಿದೆ. ಕೂತು ತಿಂದ. ಅವು ಆ ದಿನ ಬೆಳಗಿನ ಜಾವ ನಮ್ಮ ಹಂಚಿನ ಮೇಲೆ ಬೆಂದ ರೊಟ್ಟಿಗಳು. ಆ ಹಂಚಿಗೆ ಕುಂಕುಮ ಹಚ್ಚಿ ಕಟ್ಟೆಯ ಮೇಲೆ ಕೂರಿಸಿ, ಇವತ್ತು ಇದನ್ನು ಯಾರೂ ಮುಟ್ಟಬಾರದು ಅಂತ ಇಷ್ಟು ವರ್ಷದಲ್ಲಿ ಒಬ್ಬ ಗಂಡಸೂ ಹೇಳಿಲ್ಲ.

ಹೇಳಿದರೆ ಮಧ್ಯಾಹ್ನ ಏನು ತಿನ್ನುತ್ತಾರೆ, ಸ್ಪ್ಯಾನರಾ?